ಶ್ವಾಸಕೋಶದ ಬಯಾಪ್ಸಿ: ರಕ್ತದ ಗರಣೆ ಸೂಜಿಯಲ್ಲಿ ಸಿಕ್ಕಿಕೊಳ್ಳುತ್ತಿದೆ

ಕಲಿಯುವ ಕೈ
ಸಿಟಿ ಸ್ಕ್ಯಾನ್ ನೋಡಿಕೊಂಡು ಶ್ವಾಸಕೋಶದ ಬಯಾಪ್ಸಿ ಮಾಡುತ್ತೇವೆ, ಅಂದರೆ ಪರೀಕ್ಷೆಗೆ ಸೂಜಿಯಿಂದ ಚೂರು ತೆಗೆಯುತ್ತೇವೆ. ಸೂಜಿ ಹೊರತೆಗೆಯುವಾಗ ರೋಗಿಯದೇ ಹೆಪ್ಪುಗಟ್ಟಿದ ರಕ್ತವನ್ನು (ಗರಣೆಯನ್ನು) ಸೂಜಿಯ ದಾರಿಯುದ್ದಕ್ಕೂ ತುಂಬುತ್ತೇವೆ, ಗಾಳಿ ಸೋರಬಾರದು ಅಂತ. ಆದರೆ ಸಿರಿಂಜ್ ಒತ್ತಿದರೆ ಮೊದಲು ನೀರಿನಂಥ ಸೀರಮ್ ಬರುತ್ತದೆ, ಆಮೇಲೆ 19 ಗೇಜ್ ಸೂಜಿ ಕಟ್ಟಿಕೊಳ್ಳುತ್ತದೆ. ಇನ್ನು ಕೆಲವರ ರಕ್ತ ಹೆಪ್ಪೇ ಗಟ್ಟುವುದಿಲ್ಲ. ಏನು ಮಾಡಲಿ?

ಸಿಟಿ ರೂಮ್ ನರ್ಸ್
ರಕ್ತ ಎಲ್ಲಿಂದ ತೆಗೆಯುತ್ತೀರಿ? ಹೆಪಾರಿನ್ (ಹೆಪ್ಪುಗಟ್ಟದಂತೆ ತಡೆಯುವ ಔಷಧ) ಹಾಕಿ ಫ್ಲಷ್ ಮಾಡಿದ ಲೈನಿಂದ ಆದರೆ ಅದು ಹೆಪ್ಪುಗಟ್ಟುವುದು ಕಷ್ಟ. ರೋಗಿಯ ಇನ್ನೊಂದು ಕೈಯಿಂದ ಹೊಸದಾಗಿ, ಖಾಲಿ ಸಿರಿಂಜಿಗೆ ತೆಗೆಯಿರಿ.

ಸೂಜಿಮೊನೆ
ನರ್ಸ್ ಹೇಳಿದ್ದು ಸರಿ. ಹಾಗೆ ತೆಗೆದರೂ ಗಟ್ಟಿಯಾಗಲಿಲ್ಲ ಅಂದರೆ ದಯವಿಟ್ಟು ಬಯಾಪ್ಸಿಯನ್ನೇ ತಡೆಯಿರಿ. ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ), ಪ್ಲೇಟ್‌ಲೆಟ್ ಎಣಿಕೆ, ರಕ್ತ ತೆಳುವಾಗಿಸುವ ಮಾತ್ರೆ, ಎಲ್ಲ ಮತ್ತೆ ನೋಡಿ. ಅದಕ್ಕೇ ರಕ್ತವನ್ನು ಸೂಜಿ ಹಾಕುವ ಮೊದಲೇ ತೆಗೆದಿಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಸೀರಮ್ ಬೇರೆಯಾಗಿದೆ ಅಂದರೆ ಜಾಸ್ತಿ ಹೊತ್ತು ಇಟ್ಟಿದ್ದೀರಿ, ಗರಣೆ ಕುಗ್ಗಿ ಗಟ್ಟಿಯಾಗಿದೆ. ಸಿರಿಂಜನ್ನು ಮೂತಿ ಮೇಲಾಗಿ ಹಿಡಿದು ಸೀರಮ್ ಹೊರಹಾಕಿ. ಉಳಿದದ್ದನ್ನು ತ್ರೀ-ವೇ (ಮೂರು ಬಾಯಿಯ ನಲ್ಲಿ) ಮೂಲಕ ಎರಡು ಸಿರಿಂಜುಗಳ ನಡುವೆ ನಿಧಾನವಾಗಿ ಆಚೀಚೆ ಮಾಡಿದರೆ ಮೆತ್ತಗಾಗುತ್ತದೆ. ಅದೇ ಗೇಜಿನ ಬೇರೆ ಸೂಜಿಯಲ್ಲಿ ಹೊರಗೇ ಒಮ್ಮೆ ಒತ್ತಿ ನೋಡಿ. ಸೂಜಿಯನ್ನು ತಿರುಗಿಸಿ ಬಿಗಿಯುವ ಚಿಕ್ಕ ಲೂಯರ್-ಲಾಕ್ ಸಿರಿಂಜಾದರೆ ಒತ್ತುವುದು ಸುಲಭ.

ಮುಖ್ಯವಾದದ್ದು ಇನ್ನೊಂದಿದೆ. ಗರಣೆ ಬಿಡುವ ಮೊದಲು ಸಿರಿಂಜಿನ ದಂಡವನ್ನು ಹಿಂದಕ್ಕೆಳೆದು ನೋಡಿ. ರಕ್ತ ಬಂದರೆ ಅಲ್ಲಿ ಒತ್ತಲೇಬೇಡಿ. ಸೂಜಿ ಶ್ವಾಸಕೋಶದ ಅಭಿಧಮನಿಯಲ್ಲಿದ್ದರೆ ಆ ಗರಣೆ ಹೃದಯದ ಎಡಭಾಗಕ್ಕೆ ಹೋಗಿ, ಅಲ್ಲಿಂದ ಮಿದುಳಿಗೂ ಸೇರಬಹುದು. ಸಿರಿಂಜ್ ಬದಲಿಸುವಾಗ ಸೂಜಿಯ ಬಾಯಿ ತೆರೆದಿಡಬೇಡಿ, ಗಾಳಿ ಒಳಗೆ ಹೋಗುತ್ತದೆ. ಆಮೇಲೆ ಸೂಜಿಯನ್ನು ಹಿಂದಕ್ಕೆ ತೆಗೆಯುತ್ತಾ ಸ್ವಲ್ಪ ಸ್ವಲ್ಪವೇ ಬಿಡಿ. ಕೊನೆಗೆ ಚುಚ್ಚಿದ ಕಡೆ ಕೆಳಗಾಗುವಂತೆ ರೋಗಿಯನ್ನು ಮಲಗಿಸಿ.

ಕಲಿಯುವ ಕೈ
ತುಂಬಾ ಥ್ಯಾಂಕ್ಸ್ ಸರ್. ಇದೇ ಗರಣೆಯಿಂದ ರಕ್ತಸ್ರಾವವಾಗುತ್ತಿರುವ ರಕ್ತನಾಳವನ್ನೂ ಮುಚ್ಚಬಹುದಲ್ವಾ?

ಸೂಜಿಮೊನೆ
ಮುಚ್ಚಬಹುದು. 1972ರಲ್ಲೇ ರೋಶ್, ಡಾಟರ್ ಮತ್ತು ಬ್ರೌನ್ ಎಂಬ ವೈದ್ಯರು ಹೊಟ್ಟೆಯ ರಕ್ತಸ್ರಾವಕ್ಕೆ ಹೀಗೆ ಮಾಡಿದ್ದನ್ನು ಪ್ರಕಟಿಸಿದರು. ಆದರೆ ನಮ್ಮ ದೇಹ ಗರಣೆಯನ್ನು ಬೇಗ ಕರಗಿಸುತ್ತದೆ, ಮತ್ತೆ ರಕ್ತ ಸೋರಬಹುದು. ಪೆಟ್ಟಾದ ಮೇಲೆ ಬರುವ ಹೈ-ಫ್ಲೋ ಪ್ರಿಯಾಪಿಸಮ್‌ನಲ್ಲಿ (ರಕ್ತ ಹೆಚ್ಚು ನುಗ್ಗಿ ಶಿಶ್ನ ಬಹಳ ಹೊತ್ತು ನೆಟ್ಟಗೇ ಇರುವುದು) ಈ ಗುಣವೇ ಬೇಕು. ಸೋರಿಕೆ ನಿಂತ ಮೇಲೆ ರಕ್ತನಾಳ ತೆರೆದುಕೊಳ್ಳಬಹುದು. ಹೊಟ್ಟೆಯ ರಕ್ತಸ್ರಾವಕ್ಕೆ ಮಾತ್ರ, ರಕ್ತನಾಳ ಮುಚ್ಚುವ ಲೋಹದ ಸುರುಳಿ (ಕಾಯಿಲ್) ಇರುವಾಗ ನಾನು ಗರಣೆ ಬಳಸುವುದಿಲ್ಲ.