ಅಪ್‌ಡೇಟ್: ಉಪ್ಪು ಬಿಸ್ಕತ್ತಿನ ತಳ ಕೊನೆಗೂ ಗರಿಗರಿಯಾಯಿತು
ಉಪ್ಪು ಬಿಸ್ಕತ್ತಿನ ಪುಡಿ, ಕ್ರೀಮ್, ಕ್ಯಾರಮೆಲ್ ಪದರಗಳ ಸಿಹಿಯಲ್ಲಿ ತಳ ಪ್ರತಿ ಸಲವೂ ಮೆತ್ತಗಾಗುತ್ತಿದೆ ಎಂದು ಹೋದ ವಾರ ಕೇಳಿದ್ದೆ. ಈಗ ಬಗೆಹರಿಯಿತು!

ಬೆಣ್ಣೆ ಹೆಚ್ಚಿಸಿ ಎಂಬ ಸಲಹೆ ಫಲಿಸಲಿಲ್ಲ, ತಳ ಜಿಡ್ಡಾಯಿತು. ಕೈಹಿಡಿದದ್ದು, ತಳವನ್ನು ಮೊದಲೇ ಬೇಯಿಸಿಕೊಳ್ಳಿ ಎಂದವರ ಮಾತು. ಬೆಣ್ಣೆ ಬೆರೆಸಿ ಒತ್ತಿದ ಪುಡಿಯನ್ನು ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್‌ಗೆ 10 ನಿಮಿಷ ಬೇಯಿಸಿ, ಪೂರ್ತಿ ಆರುವವರೆಗೆ ಕಾದೆ. ಆತುರಪಡಬೇಡಿ, ಬಿಸಿ ತಳದ ಮೇಲೆ ಕ್ರೀಮ್ ಕರಗಿ ಕೆಳಗಿಳಿಯುತ್ತದೆ. ಆಮೇಲೆ ಕರಗಿಸಿದ ಚಾಕೊಲೇಟನ್ನು ತೆಳುವಾಗಿ ಸವರಿದೆ. ಅದರ ಕೊಬ್ಬು ತೇವ ಇಳಿಯದಂತೆ ತಡೆಯುತ್ತದೆ. ಮರುದಿನವೂ ತಳ ಕುರುಕುರು ಎನ್ನುತ್ತಿತ್ತು!

ನಾನು ನಿರೀಕ್ಷಿಸದ ಇನ್ನೊಂದು ಸಂಗತಿ: ಹರಳುಪ್ಪನ್ನು ಕ್ಯಾರಮೆಲ್‌ಗೆ ಬೆರೆಸುವುದಕ್ಕಿಂತ ಬಡಿಸುವಾಗ ಮೇಲೆ ಚಿಟಿಕೆಯಷ್ಟು ಉದುರಿಸಿದರೆ ರುಚಿ ಎದ್ದು ಬರುತ್ತದೆ. ಸಲಹೆ ಕೊಟ್ಟವರೆಲ್ಲರಿಗೂ ಮನಸಾರೆ ಧನ್ಯವಾದ.