ಹಿಫ್-1 ಆಲ್ಫಾ ಬ್ಲಾಟ್: 120ರಲ್ಲಿ ಏನೂ ಇಲ್ಲ, 90ರಲ್ಲಿ ದಪ್ಪ ಬ್ಯಾಂಡ್. ಆಂಟಿಬಾಡಿ ಬದಲಿಸಬೇಕಾ?

ಬ್ಲಾಟ್_ಬೇಜಾರು

ಎಲ್ಲರಿಗೂ ನಮಸ್ಕಾರ. ಹಿಫ್-1 ಆಲ್ಫಾ ಅಂದರೆ ಆಮ್ಲಜನಕ ಕಡಿಮೆಯಾದಾಗ ಕೋಶದಲ್ಲಿ ಉಳಿದುಕೊಳ್ಳುವ ಪ್ರೋಟೀನ್. ಹೀಲಾ ಕೋಶಗಳಲ್ಲಿ (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶ) ಅದನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಜೆಲ್‌ನಲ್ಲಿ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸಿ, ತೋರಿಸಬೇಕು, ಇಷ್ಟೇ ಕೆಲಸ. ಅದೇ ಆಗುತ್ತಿಲ್ಲ.

ಮಾಡುತ್ತಿರುವುದು ಹೀಗೆ. ಪ್ಲೇಟ್‌ಗಳನ್ನು 1% ಆಮ್ಲಜನಕದಲ್ಲಿ ರಾತ್ರಿಯಿಡೀ, ಹೆಚ್ಚುಕಡಿಮೆ 16 ಗಂಟೆ ಇಡುತ್ತೇನೆ. ಬೆಳಿಗ್ಗೆ ಹೊರಗೆ ತೆಗೆದು, ಟ್ರಿಪ್ಸಿನ್ ಹಾಕಿ ಕೋಶಗಳನ್ನು ಎಬ್ಬಿಸಿ, ಸ್ಪಿನ್ ಮಾಡಿ, ಪಿಬಿಎಸ್‌ನಲ್ಲಿ ತೊಳೆದು, ಮತ್ತೆ ಸ್ಪಿನ್ ಮಾಡಿ, ಆ ಪೆಲೆಟ್‌ಗೆ ರಿಪಾ ಬಫರ್ ಹಾಕಿ ಅರ್ಧ ಗಂಟೆ ಐಸ್ ಮೇಲಿಡುತ್ತೇನೆ. ಪ್ರೋಟಿಯೇಸ್ ಇನ್‌ಹಿಬಿಟರ್ ತಪ್ಪದೆ ಹಾಕುತ್ತೇನೆ. 10% ಜೆಲ್, ಸೆಮಿ-ಡ್ರೈ ಟ್ರಾನ್ಸ್‌ಫರ್. ಮೌಸ್ ಮೊನೊಕ್ಲೋನಲ್ ಆಂಟಿಬಾಡಿ 1:500, ರಾತ್ರಿ 4 ಡಿಗ್ರಿಯಲ್ಲಿ. ಲೋಡಿಂಗ್ ಕಂಟ್ರೋಲ್ (ಎಲ್ಲ ಲೇನ್‌ನಲ್ಲೂ ಒಂದೇ ಪ್ರಮಾಣ ಹಾಕಿದ್ದೇನೆ ಅಂತ ತೋರಿಸುವ ಪ್ರೋಟೀನ್) ಜಿಎಪಿಡಿಎಚ್.

ಸಿಗುತ್ತಿರುವುದು: 90ರ ಆಸುಪಾಸಿನಲ್ಲಿ ಒಂದು ದಪ್ಪ ಬ್ಯಾಂಡ್. ಡೇಟಾಬೇಸ್‌ನಲ್ಲಿ ಈ ಪ್ರೋಟೀನಿನ ತೂಕ 93 ಕಿಲೋಡಾಲ್ಟನ್ ಅಂತಲೇ ಇದೆ, ಹಾಗಾಗಿ ಮೊದಲು ಖುಷಿಯಾಯಿತು. ಆದ್ರೆ ನಾರ್ಮಾಕ್ಸಿಯಾ (ಮಾಮೂಲಿ ಗಾಳಿಯಲ್ಲಿಟ್ಟ ಕೋಶಗಳ) ಲೇನ್‌ನಲ್ಲೂ ಅದೇ ಬ್ಯಾಂಡ್, ಅಷ್ಟೇ ದಪ್ಪ. ಎಲ್ಲರ ಪೇಪರಿನಲ್ಲೂ ಕಾಣುವ 120ರ ಜಾಗದಲ್ಲಿ ಖಾಲಿ.

ಗೈಡ್ ಬೇರೆ ಆಂಟಿಬಾಡಿ ತರಿಸೋಣ ಅಂತಿದ್ದಾರೆ. ಕೊಟೇಶನ್ ಅರ್ಧ ಲಕ್ಷದ ಹತ್ತಿರ ಇದೆ, ಖರೀದಿ ಫೈಲು ಮೇಜಿಂದ ಮೇಜಿಗೆ ಓಡಾಡಿ ಬರುವಷ್ಟರಲ್ಲಿ ನನ್ನ ಫೆಲೋಶಿಪ್ಪೇ ಮುಗಿದಿರುತ್ತದೆ. ಯಾವ ಆಂಟಿಬಾಡಿ ತಗೊಳ್ಳಲಿ, ಹೇಳಿ ಪ್ಲೀಸ್.

ಹಳೇ_ಪೋಸ್ಟ್‌ಡಾಕ್

ಈಗಲೇ ಆರ್ಡರ್ ಮಾಡಬೇಡಿ. ನಿಮ್ಮ ಪೋಸ್ಟ್‌ನಲ್ಲಿ ಉತ್ತರ ಇರುವುದು ಟ್ರಿಪ್ಸಿನ್ ಅನ್ನುವ ಪದದಲ್ಲಿ, ಆಂಟಿಬಾಡಿಯಲ್ಲಿ ಅಲ್ಲ.

ಮೊದಲು ಆ 90ರ ಬ್ಯಾಂಡ್ ಮರೆತುಬಿಡಿ. 826 ಅಮೈನೋ ಆಮ್ಲಗಳ ಲೆಕ್ಕದಲ್ಲಿ 93 ಬರುವುದು ನಿಜ, ಆದರೆ ಜೆಲ್‌ನಲ್ಲಿ ಇದು ಓಡುವುದು 110ರಿಂದ 120ರ ನಡುವೆ. ಅದೂ ಅಲ್ಲದೆ, ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಒಂದೇ ಥರ ಕಾಣುವ ಬ್ಯಾಂಡ್ ಹಿಫ್ ಆಗಿರಲು ಸಾಧ್ಯವೇ ಇಲ್ಲ ಅಲ್ವಾ. ಅದು ಬೇರೆ ಯಾವುದೋ ಪ್ರೋಟೀನ್.

ಈಗ ಅಸಲು ವಿಷಯ. ಕೋಶ ಈ ಪ್ರೋಟೀನನ್ನು ಸದಾ ತಯಾರಿಸುತ್ತಲೇ ಇರುತ್ತದೆ, ಹಾಗೇ ಸದಾ ಒಡೆದು ಹಾಕುತ್ತಲೂ ಇರುತ್ತದೆ. ಆಮ್ಲಜನಕ ಇದ್ದಾಗ ಪ್ರೋಲಿಲ್ ಹೈಡ್ರಾಕ್ಸಿಲೇಸ್ ಕಿಣ್ವಗಳು ಹಿಫ್-1 ಆಲ್ಫಾದ 402 ಮತ್ತು 564ನೇ ಪ್ರೋಲೀನ್‌ಗಳ ಮೇಲೆ ಹೈಡ್ರಾಕ್ಸಿಲ್ ಗುಂಪು ಕೂರಿಸುತ್ತವೆ. ಆ ಗುರುತು ಕಂಡ ತಕ್ಷಣ ವಿಎಚ್‌ಎಲ್ ಅನ್ನುವ ಪ್ರೋಟೀನ್ ಬಂದು ಹಿಡಿದುಕೊಳ್ಳುತ್ತದೆ, ಯುಬಿಕ್ವಿಟಿನ್ ಅನ್ನುವ 'ಒಡೆಯಿರಿ' ಚೀಟಿ ಅಂಟುತ್ತದೆ, ಕೋಶದ ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಾಸೋಮ್ ಅರೆದು ಮುಗಿಸುತ್ತದೆ. 2001ರಲ್ಲಿ ಕೇಲಿನ್ ಮತ್ತು ರಾಟ್‌ಕ್ಲಿಫ್ ಅವರ ಲ್ಯಾಬ್‌ಗಳು ಬೇರೆಬೇರೆಯಾಗಿ ತೋರಿಸಿದ್ದು ಇದನ್ನೇ. ಹಿಫ್ ಅನ್ನು ಮೊದಲು ಹಿಡಿದ ಸೆಮೆಂಜಾ ಜೊತೆ 2019ರ ನೊಬೆಲ್ ಬಂದದ್ದೂ ಈ ಕೆಲಸಕ್ಕೆ. ನಿಮಗೆ ಬೇಕಾದ ಅಂಶ ಒಂದೇ: ಆಮ್ಲಜನಕ ವಾಪಸ್ ಸಿಕ್ಕರೆ ಇದರ ಅರ್ಧಾಯುಷ್ಯ ಐದು ನಿಮಿಷಕ್ಕಿಂತ ಕಡಿಮೆ.

ನೀವೇನು ಮಾಡುತ್ತಿದ್ದೀರಿ ನೋಡಿ. ಪ್ಲೇಟ್ ಹೊರಗೆ ಬಂತು, ಟ್ರಿಪ್ಸಿನ್ ಹಾಕಿ 37 ಡಿಗ್ರಿಯಲ್ಲಿ ಮಾಮೂಲಿ ಇನ್‌ಕ್ಯುಬೇಟರ್‌ಗೆ ಹೋಯಿತು, ಆಮೇಲೆ ಎರಡು ಸ್ಪಿನ್. ಅಷ್ಟರಲ್ಲಿ ಕಿಣ್ವಗಳಿಗೆ ಆಮ್ಲಜನಕವೂ ಸಿಕ್ಕಿತು, ಬೆಚ್ಚಗಿನ ಜಾಗವೂ ಸಿಕ್ಕಿತು, ಅವು ತಮ್ಮ ಕೆಲಸ ಮುಗಿಸಿದವು. ಪ್ರೋಟಿಯೇಸ್ ಇನ್‌ಹಿಬಿಟರ್ ಕಾಕ್‌ಟೇಲ್ ಇಲ್ಲಿ ಕಾಪಾಡಲ್ಲ, ಯಾಕೆಂದರೆ ಒಡೆಯುವ ಕೆಲಸ ನಡೆದದ್ದು ನೀವು ಬಫರ್ ಹಾಕುವ ಮೊದಲು, ಜೀವಂತ ಕೋಶದ ಒಳಗೆ.

ಟ್ರಿಪ್ಸಿನ್ ಬಿಡಿ. ಪ್ಲೇಟ್ ಹೊರಗೆ ತೆಗೆದ ಕೂಡಲೇ ಐಸ್ ಮೇಲಿಡಿ, ಮೀಡಿಯಾ ಎಳೆದು ಬಿಸಾಕಿ, ತಣ್ಣನೆ ಪಿಬಿಎಸ್ ಒಂದೇ ಸಲ ಸುರಿದು ಚೆಲ್ಲಿ, ನೇರವಾಗಿ ಪ್ಲೇಟ್ ಮೇಲೆಯೇ 2% ಎಸ್‌ಡಿಎಸ್ ಇರುವ ಬಫರ್ ಬಿಸಿಯಾಗಿ ಹಾಕಿ ಸ್ಕ್ರೇಪರ್‌ನಿಂದ ಕೆರೆದು ಟ್ಯೂಬ್‌ಗೆ ತುಂಬಿ. ಒಂದೊಂದೇ ಪ್ಲೇಟ್ ಮಾಡಿ, ಎಲ್ಲವನ್ನೂ ಒಟ್ಟಿಗೆ ಹೊರಗೆ ತೆಗೆದು ಸಾಲಾಗಿ ಇಡಬೇಡಿ. ಡಿಎನ್‌ಎ ಬಿಡುಗಡೆಯಾಗಿ ಲೈಸೇಟ್ ಲೋಳೆಲೋಳೆ ಆಗುತ್ತದೆ, ಪಿಪೆಟ್ ತುದಿಯಿಂದ ದಾರದ ಹಾಗೆ ಇಳಿಯುತ್ತದೆ. ಹೆದರಬೇಡಿ, ಸೋನಿಕೇಟ್ ಮಾಡಿ, ಇಲ್ಲವಾದರೆ ಸಣ್ಣ ಸೂಜಿಯಲ್ಲಿ ಎಳೆದು ಬಿಟ್ಟು ಮಾಡಿ. ಪ್ರೋಟೀನ್ ಅಳೆಯಲು ಬಿಸಿಎ ಬಳಸಿ, ಬ್ರಾಡ್‌ಫರ್ಡ್‌ಗೆ ಎಸ್‌ಡಿಎಸ್ ಆಗಲ್ಲ. ಡಿಟಿಟಿಯನ್ನು (ಪ್ರೋಟೀನಿನ ಸಲ್ಫರ್ ಕೊಂಡಿ ಬಿಡಿಸುವ ರಾಸಾಯನಿಕ) ಅಳತೆ ಆದಮೇಲೆ ಸೇರಿಸಿ, ಇಲ್ಲದಿದ್ದರೆ ಬಿಸಿಎ ಕೂಡ ಸುಳ್ಳು ಹೇಳುತ್ತದೆ.

ಕಬ್ಬಿಣದ_ಕಡಲೆ

ಮೇಲಿನವರು ಹೇಳಿದ್ದು ಪೂರ್ತಿ ಒಪ್ಪಿದೆ. ಆದರೆ ಆಂಟಿಬಾಡಿ ಸರಿ ಇದೆಯಾ, ಕೈಕೆಲಸ ಸರಿ ಇದೆಯಾ ಅನ್ನುವ ಎರಡು ಪ್ರಶ್ನೆಗಳನ್ನು ಬೇರೆ ಮಾಡದೆ ಎಷ್ಟು ಸಲ ಬ್ಲಾಟ್ ಮಾಡಿದರೂ ಸುಮ್ನೆ. ಪಾಸಿಟಿವ್ ಕಂಟ್ರೋಲ್ ಎಲ್ಲಿ?

ಆ ಹೈಡ್ರಾಕ್ಸಿಲೇಸ್ ಕಿಣ್ವಗಳು ಕೆಲಸ ಮಾಡಲು ಆಮ್ಲಜನಕದ ಜೊತೆ ಕಬ್ಬಿಣವೂ ಬೇಕು, 2-ಆಕ್ಸೋಗ್ಲುಟರೇಟ್ ಕೂಡ ಬೇಕು. ಯಾವುದನ್ನು ತಡೆದರೂ ಹಿಫ್ ಉಳಿಯುತ್ತದೆ. ಡೆಸ್‌ಫೆರಿಯಾಕ್ಸಮಿನ್ 100 ಮೈಕ್ರೋಮೋಲಾರ್ ಹಾಕಿದರೆ ಕಬ್ಬಿಣ ಕಸಿದುಕೊಳ್ಳುತ್ತದೆ. ತಲಸ್ಸೇಮಿಯಾ ಮಕ್ಕಳಿಗೆ ಮೈಯಲ್ಲಿ ಜಾಸ್ತಿಯಾದ ಕಬ್ಬಿಣ ತೆಗೆಯಲು ಕೊಡುವ ಔಷಧವೇ ಇದು. ಕೋಬಾಲ್ಟ್ ಕ್ಲೋರೈಡ್ 100-150 ಮೈಕ್ರೋಮೋಲಾರ್ ಕೂಡ ನಡೆಯುತ್ತದೆ, ಯಾವ ಲ್ಯಾಬ್‌ನ ಕಪಾಟಿನಲ್ಲಾದರೂ ಒಂದು ಹಳೇ ಬಾಟಲಿ ಸಿಕ್ಕೇ ಸಿಗುತ್ತದೆ. ಡಿಎಂಒಜಿ (2-ಆಕ್ಸೋಗ್ಲುಟರೇಟ್‌ನ ಜಾಗ ಹಿಡಿಯುವ ರಾಸಾಯನಿಕ) ಇದ್ದರೆ 1 ಮಿಲಿಮೋಲಾರ್. ಮಾಮೂಲಿ ಇನ್‌ಕ್ಯುಬೇಟರ್‌ನಲ್ಲೇ ನಾಲ್ಕರಿಂದ ಆರು ಗಂಟೆ ಸಾಕು.

ಇದರ ಲಾಭ ಏನೆಂದರೆ, ಇಲ್ಲಿ ತಡೆ ಬಿದ್ದಿರುವುದು ರಾಸಾಯನಿಕದಿಂದ. ಪ್ಲೇಟ್‌ಗೆ ಗಾಳಿ ತಾಗಿದ ಮಾತ್ರಕ್ಕೆ ಹಿಫ್ ಅಷ್ಟು ಬೇಗ ಮಾಯವಾಗಲ್ಲ. ಹಾಗಾಗಿ ಡೆಸ್‌ಫೆರಿಯಾಕ್ಸಮಿನ್ ಲೇನ್‌ನಲ್ಲಿ 120ರ ಬ್ಯಾಂಡ್ ಬಂದು ಹೈಪಾಕ್ಸಿಯಾ (ಕಡಿಮೆ ಆಮ್ಲಜನಕದ) ಲೇನ್‌ನಲ್ಲಿ ಬರದಿದ್ದರೆ ಆಂಟಿಬಾಡಿ ಚೆನ್ನಾಗಿದೆ, ನಿಮ್ಮ ಚೇಂಬರಿನಿಂದ ಐಸ್‌ವರೆಗಿನ ದಾರಿ ಸರಿಯಿಲ್ಲ. ಎರಡರಲ್ಲೂ ಬರದಿದ್ದರೆ ಆಗ ಆಂಟಿಬಾಡಿ, ಟ್ರಾನ್ಸ್‌ಫರ್ ಬಗ್ಗೆ ಯೋಚಿಸಿ.

ಒಂದು ಮಾತು: ಕೋಬಾಲ್ಟ್ ಕೊಟ್ಟು "ಹೈಪಾಕ್ಸಿಯಾ ಮಾಡಿದೆವು" ಅಂತ ಬರೆಯಬೇಡಿ. ಅದು ಕಂಟ್ರೋಲ್ ಅಷ್ಟೇ. ಆ ಕೋಶಗಳಲ್ಲಿ ಆಮ್ಲಜನಕ ಬೇಕಾದಷ್ಟು ಇರುತ್ತದೆ.

ನೆಲ_ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಗಾದೆ ಸರಿ. ಆದ್ರೆ ಈ ಪ್ರೋಟೀನ್ ವಿಷಯದಲ್ಲಿ ಕೆಲವು ಸಲ ನೆಲ ನಿಜಕ್ಕೂ ಡೊಂಕೇ. ಹಿಫ್ ಆಂಟಿಬಾಡಿ ಅಂತ ಮಾರುವ ಎಲ್ಲವೂ ಹಿಫ್ ತೋರಿಸಲ್ಲ. ಆದ್ದರಿಂದ ಬಾಟಲಿ ಮೇಲಿನ ಕ್ಲೋನ್ ಹೆಸರು ಓದಿ, ಅದನ್ನು ಯಾವ ತುಂಡಿನ ವಿರುದ್ಧ ಬೆಳೆಸಿದ್ದಾರೆ ನೋಡಿ. ಜಾಸ್ತಿ ಪೇಪರುಗಳಲ್ಲಿ ಕಾಣುವ ಮೌಸ್ ಕ್ಲೋನ್ ಎಚ್1 ಆಲ್ಫಾ 67, ಅದು 432ರಿಂದ 528ರವರೆಗಿನ ತುಂಡಿನದ್ದು. ಕ್ಲೋನ್ 54 ಅನ್ನುವುದು 610ರಿಂದ 727ರವರೆಗಿನದ್ದು. ನನ್ನ ಮಟ್ಟಿಗೆ ಬ್ಲಾಟ್‌ಗೆ ಎರಡನೆಯದೇ ಇಷ್ಟ, ಆದರೆ ಇದು ರುಚಿಯ ಮಾತು.

ಮುಖ್ಯವಾಗಿ ಚೆಕ್ ಮಾಡಬೇಕಾದ್ದು: ಹೈಡ್ರಾಕ್ಸಿ-ಪ್ರೋಲೀನ್ 564 ಅಂತ ಇನ್ನೊಂದು ಥರದ ಆಂಟಿಬಾಡಿಯೂ ಸಿಗುತ್ತದೆ. ಅದು ಗುರುತು ಬಿದ್ದ ಹಿಫ್ ಅನ್ನು ಮಾತ್ರ ಹಿಡಿಯುತ್ತದೆ. ಅದರಲ್ಲಿ ಎಲ್ಲ ಉಲ್ಟಾ: ಮಾಮೂಲಿ ಗಾಳಿಯಲ್ಲಿ ಎಂಜಿ132 ಹಾಕಿ ಪ್ರೋಟಿಯಾಸೋಮ್ ನಿಲ್ಲಿಸಿದರೆ ಬ್ಯಾಂಡ್ ಬರುತ್ತದೆ, ಡೆಸ್‌ಫೆರಿಯಾಕ್ಸಮಿನ್ ಹಾಕಿದರೆ ಬರಲ್ಲ. ಫ್ರಿಡ್ಜ್‌ನಲ್ಲಿ ಎರಡೂ ಪಕ್ಕಪಕ್ಕ ಇದ್ದರೆ ಕೈ ತಪ್ಪುವುದು ಸುಲಭ.

ಇನ್ನು ನಿಜವಾದ ಪರೀಕ್ಷೆ ಅಂದರೆ ಹಿಫ್ ಇಲ್ಲದ ಕೋಶ. ಕಿಡ್ನಿ ಕ್ಯಾನ್ಸರಿನ 786-ಒ ಕೋಶಗಳಲ್ಲಿ ಹಿಫ್-1 ಆಲ್ಫಾ ಇಲ್ಲ, ಹಿಫ್-2 ಆಲ್ಫಾ ಮಾತ್ರ ಇದೆ. ಆರ್‌ಸಿಸಿ4ರಲ್ಲಿ ವಿಎಚ್‌ಎಲ್ ಕೆಟ್ಟಿರುವುದರಿಂದ ಮಾಮೂಲಿ ಗಾಳಿಯಲ್ಲೇ ಹಿಫ್-1 ಆಲ್ಫಾ ತುಂಬಿಕೊಂಡಿರುತ್ತದೆ. ಯಾರಾದರೂ ಪರಿಚಯದವರ ಹತ್ತಿರ ಈ ಎರಡರ ಲೈಸೇಟ್ ಸ್ವಲ್ಪ ಕೇಳಿ ತಂದು ಅಕ್ಕಪಕ್ಕ ಓಡಿಸಿ. ನಿಮ್ಮ 90ರ ಬ್ಯಾಂಡ್ 786-ಒದಲ್ಲೂ ಬಂದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಆರ್ಡರ್‌ಗಿಂತ ಇದು ಅಗ್ಗ.

10% ಜೆಲ್ ಬೇಡ, 7.5 ಅಥವಾ 8 ಮಾಡಿ. ಇಷ್ಟು ದೊಡ್ಡ ಪ್ರೋಟೀನಿಗೆ ವೆಟ್ ಟ್ರಾನ್ಸ್‌ಫರ್ ಒಳ್ಳೆಯದು. ಮತ್ತೆ ಜಿಎಪಿಡಿಎಚ್ ಯಾಕೆ ಸ್ವಾಮಿ? ಅದು ಗ್ಲೈಕಾಲಿಸಿಸ್ ಕಿಣ್ವ, ಹೈಪಾಕ್ಸಿಯಾದಲ್ಲಿ ಹಿಫ್ ಏರಿಸುವ ಜೀನ್‌ಗಳಲ್ಲಿ ಅದೂ ಒಂದು. ಅದನ್ನೇ ಕಂಟ್ರೋಲ್ ಮಾಡಿಕೊಂಡರೆ ರಿವ್ಯೂವರ್ ಬಿಡ್ತಾರಾ? ಆಕ್ಟಿನ್ ಹಾಕಿ. ನ್ಯೂಕ್ಲಿಯರ್ ಎಕ್ಸ್‌ಟ್ರಾಕ್ಟ್ ಮಾಡಿದರೆ ಲ್ಯಾಮಿನ್ ಬಿ1.

ಬ್ಲಾಟ್_ಬೇಜಾರು

ತುಂಬಾ ಥ್ಯಾಂಕ್ಸ್. ಬಾಟಲಿ ನೋಡಿದೆ, ಎಚ್1 ಆಲ್ಫಾ 67. ನಾಳೆಯೇ ಡೆಸ್‌ಫೆರಿಯಾಕ್ಸಮಿನ್ ಹಾಕುತ್ತೇನೆ.

ಎರಡು ಡೌಟ್. ನಮ್ಮಲ್ಲಿ ಕೈ ಹಾಕಿ ಒಳಗೇ ಕೆಲಸ ಮಾಡುವ ವರ್ಕ್‌ಸ್ಟೇಷನ್ ಇಲ್ಲ, ಗ್ಯಾಸ್ ತುಂಬಿಸಿ ಕ್ಲಾಂಪ್ ಹಾಕುವ ಡಬ್ಬಿ ಚೇಂಬರ್ ಇದೆ. ಅದರಲ್ಲಿ 16 ಗಂಟೆ ಸರಿಯಾ? ಇನ್ನೊಂದು, ಬ್ಲಾಟ್ ಆಗದಿದ್ದರೆ ಹಿಫ್1ಎ ಜೀನಿನ ಕ್ಯೂಪಿಸಿಆರ್ (ಎಂಆರ್‌ಎನ್‌ಎ ಎಷ್ಟಿದೆ ಅಳೆಯುವ ಪರೀಕ್ಷೆ) ಮಾಡಿ ತೋರಿಸು ಅಂತ ಗೈಡ್ ಹೇಳುತ್ತಿದ್ದಾರೆ.

ಹಳೇ_ಪೋಸ್ಟ್‌ಡಾಕ್

ಕ್ಯೂಪಿಸಿಆರ್‌ನಿಂದ ಹಿಫ್1ಎ ಅಳೆದು ಏನೂ ಸಿಗಲ್ಲ. ಮೇಲೆ ಹೇಳಿದ ಹಾಗೆ ಆಟ ಇರುವುದು ಪ್ರೋಟೀನ್ ಉಳಿಯುವುದರಲ್ಲಿ, ಎಂಆರ್‌ಎನ್‌ಎ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಳೆಯುವುದಾದರೆ ಹಿಫ್ ಎಬ್ಬಿಸುವ ಜೀನ್‌ಗಳನ್ನು ಅಳೆಯಿರಿ: ಸಿಎ9, ವೆಜ್‌ಎಫ್‌ಎ, ಗ್ಲುಟ್1. ಗೈಡ್‌ಗೆ ಇದನ್ನು ಮೆತ್ತಗೆ ಹೇಳಿ.

ಸಿಎ9ರಲ್ಲಿ ಇನ್ನೊಂದು ಅನುಕೂಲ. ಅದರ ಪ್ರೋಟೀನ್ ಗಟ್ಟಿ, ಗಾಳಿ ತಾಗಿದ ತಕ್ಷಣ ಹೋಗಿಬಿಡಲ್ಲ. ರಾತ್ರಿಯಿಡೀ ಇಟ್ಟ ಪ್ಲೇಟ್‌ನಲ್ಲಿ ಹಿಫ್ ಕಾಣದೆ ಸಿಎ9 ಕಂಡರೆ ಡಬ್ಬಿಯೊಳಗೆ ಹೈಪಾಕ್ಸಿಯಾ ನಿಜವಾಗಿಯೂ ಆಗಿತ್ತು ಅಂತ ಅರ್ಥ, ಹಿಫ್ ಹೋದದ್ದು ಆಮೇಲೆ. ಹಳೇ ಲೈಸೇಟ್ ಉಳಿದಿದ್ದರೆ ಇವತ್ತೇ ನೋಡಬಹುದು.

ಹಿಫ್‌ಗೆ 16 ಗಂಟೆ ಜಾಸ್ತಿಯಾಯಿತು. ನಾಲ್ಕರಿಂದ ಎಂಟು ಗಂಟೆಯಲ್ಲಿ ನೋಡಿ. ಅದನ್ನು ಒಡೆಯುವ ಹೈಡ್ರಾಕ್ಸಿಲೇಸ್‌ಗಳಲ್ಲಿ ಎರಡನ್ನು ಹಿಫ್ ತಾನೇ ಏರಿಸುತ್ತದೆ, ಹಾಗಾಗಿ ಹೊತ್ತು ಕಳೆದಂತೆ ಅನೇಕ ಕೋಶಗಳಲ್ಲಿ ಬ್ಯಾಂಡ್ ಇಳಿಯುತ್ತಾ ಬರುತ್ತದೆ. ಡಬ್ಬಿ ಚೇಂಬರ್‌ನಲ್ಲಿ ಮೀಡಿಯಾ ಕಡಿಮೆ ಹಾಕಿ. ಅದರಲ್ಲಿ ಕರಗಿದ ಆಮ್ಲಜನಕ ಹೊರಗೆ ಹೋಗಲು ಗಂಟೆಗಳೇ ಬೇಕು, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಗ್ಯಾಸ್ ಹಾಯಿಸಿ. ಒಂದೊಂದೇ ಪ್ಲೇಟ್ ಅಂದಿದ್ದೆ, ಆದರೆ ಡಬ್ಬಿ ಒಮ್ಮೆ ತೆರೆದರೆ ಎಲ್ಲಕ್ಕೂ ಗಾಳಿ ತಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಎರಡು ಪ್ಲೇಟ್‌ಗಿಂತ ಜಾಸ್ತಿ ಇಡಬೇಡಿ, ಬಿಸಿ ಬಫರ್, ಐಸ್, ಸ್ಕ್ರೇಪರ್ ಎಲ್ಲ ಕೈಗೆ ಸಿಗುವ ಹಾಗೆ ಜೋಡಿಸಿಕೊಂಡ ಮೇಲೆಯೇ ಕ್ಲಾಂಪ್ ಬಿಚ್ಚಿ.

ನಾರ್ಮಾಕ್ಸಿಯಾ ಪ್ಲೇಟ್ ತೀರಾ ತುಂಬಿಹೋಗಲು ಬಿಡಬೇಡಿ. ಒತ್ತೊತ್ತಾಗಿ ಬೆಳೆದ ಕೋಶಗಳು ತಮ್ಮ ಸುತ್ತಲಿನ ಆಮ್ಲಜನಕ ತಾವೇ ಮುಗಿಸಿಕೊಂಡು ಅಲ್ಲೂ ಬ್ಯಾಂಡ್ ಕೊಡುತ್ತವೆ.

ಟ್ಯೂಮರ್_ತುಂಡು

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದೇ ಎಚ್1 ಆಲ್ಫಾ 67 ಅನ್ನು ಇಲಿಯ ಟ್ಯೂಮರ್ ಸೆಕ್ಷನ್ ಮೇಲೆ ಹಾಕಬಹುದಾ?

ನೆಲ_ಡೊಂಕು

ಹಾಕಬಹುದು, ಆದ್ರೆ ತಲೆನೋವು. ಮೌಸ್ ಆಂಟಿಬಾಡಿಯನ್ನು ಮೌಸ್ ಅಂಗಾಂಶದ ಮೇಲೆ ಹಾಕಿದರೆ ಸೆಕೆಂಡರಿ (ಮೊದಲ ಆಂಟಿಬಾಡಿಯನ್ನು ಹಿಡಿದು ಬಣ್ಣ ಕೊಡಲು ಬಳಸುವ ಎರಡನೇ ಆಂಟಿಬಾಡಿ) ಹೋಗಿ ಅಲ್ಲೇ ಇರುವ ಇಲಿಯ ಐಜಿಜಿಯನ್ನೆಲ್ಲ (ಇಲಿಯ ಸ್ವಂತ ಆಂಟಿಬಾಡಿಗಳನ್ನು) ಹಿಡಿಯುತ್ತದೆ, ಸ್ಲೈಡ್ ಪೂರ್ತಿ ಕಂದು. ಮೌಸ್-ಆನ್-ಮೌಸ್ ಬ್ಲಾಕಿಂಗ್ ಕಿಟ್ ಬೇಕಾಗುತ್ತದೆ. ರ‍್ಯಾಬಿಟ್ ಆಂಟಿಬಾಡಿ ಸಿಕ್ಕರೆ ಅದೇ ವಾಸಿ. ಬಣ್ಣ ಬಂದರೆ ಎಲ್ಲಿ ಬಂದಿದೆ ನೋಡಿ: ನ್ಯೂಕ್ಲಿಯಸ್‌ನಲ್ಲಿ ಇರಬೇಕು, ಮತ್ತು ಸತ್ತ ಜಾಗದ ಅಂಚಿನಲ್ಲಿ, ರಕ್ತನಾಳದಿಂದ ದೂರ ಜಾಸ್ತಿ ಇರಬೇಕು. ಇಲಿಗೆ ಮೊದಲೇ ಪಿಮೊನಿಡಜೋಲ್ (ಆಮ್ಲಜನಕ ಕಡಿಮೆ ಇರುವ ಕೋಶಗಳಲ್ಲಿ ಅಂಟಿ ಉಳಿಯುವ ಗುರುತು) ಕೊಟ್ಟಿದ್ದರೆ ಪಕ್ಕದ ಸೆಕ್ಷನ್‌ನಲ್ಲಿ ಅದನ್ನೂ ನೋಡಿ ಹೋಲಿಸಿ. ಟ್ಯೂಮರ್ ಕತ್ತರಿಸಿ ಫಿಕ್ಸ್ ಮಾಡುವುದು ತಡವಾದರೆ ರಕ್ತ ನಿಂತ ತುಂಡಿನಲ್ಲಿ ಆಮ್ಲಜನಕ ಮುಗಿದು ಹಿಫ್ ಹೊಸದಾಗಿ ಏರಲೂಬಹುದು. ಅದಕ್ಕೇ ಫಾರ್ಮಾಲಿನ್ ಡಬ್ಬಿ ಕತ್ತರಿಯ ಪಕ್ಕದಲ್ಲೇ ಇರಲಿ, ಬೇರೆ ರೂಮಿನಲ್ಲಿ ಬೇಡ.