ನೇಮ್‌ಸರ್ವರ್ ಬದಲಾಯಿಸಬೇಕು, ಆದರೆ ಆಫೀಸಿನ ಇಮೇಲ್ ನಿಲ್ಲಬಾರದು. ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಆಫೀಸಿನ ವೆಬ್‌ಸೈಟನ್ನು ಹೊಸ ಹೋಸ್ಟಿಂಗ್‌ಗೆ ಸಾಗಿಸುತ್ತಿದ್ದೇವೆ. ಡಾಟ್ ಕಾಮ್ ಡೊಮೇನ್. ಡೊಮೇನ್ ತಗೊಂಡಿದ್ದು ಒಂದು ಕಡೆ, ಹಳೆಯ ಹೋಸ್ಟಿಂಗ್ ಇನ್ನೊಂದು ಕಡೆ, ಇಮೇಲ್ ಮೂರನೆಯ ಕಂಪನಿಯದ್ದು. ಸದ್ಯಕ್ಕೆ ನೇಮ್‌ಸರ್ವರ್ ಹಳೆಯ ಹೋಸ್ಟಿಂಗ್‌ನದ್ದೇ ಇದೆ, ಆ ಖಾತೆ ತಿಂಗಳ ಕೊನೆಗೆ ಮುಗಿಯುತ್ತದೆ. ಹೊಸಬರು ಎರಡು ನೇಮ್‌ಸರ್ವರ್ ಹೆಸರು ಕಳಿಸಿ, "ಇವನ್ನು ಹಾಕಿ 48 ಗಂಟೆ ಕಾಯಿರಿ" ಅಂದಿದ್ದಾರೆ. ಇಷ್ಟೇನಾ? ಎರಡು ದಿನ ಮೇಲ್ ಬರದಿದ್ದರೆ ನಮಗೆ ತುಂಬಾ ಕಷ್ಟ.

ಉತ್ತರ: ನಮಸ್ಕಾರ. ಆ ಹೆಸರು ಹಾಕುವುದಕ್ಕೆ ಎರಡು ನಿಮಿಷ ಸಾಕು. ಆದರೆ ದಯವಿಟ್ಟು ಇವತ್ತೇ ಹಾಕಬೇಡಿ.

ನೇಮ್‌ಸರ್ವರ್ ಅಂದರೆ ನಿಮ್ಮ ಡೊಮೇನ್‌ನ ರೆಕಾರ್ಡ್‌ಗಳೆಲ್ಲ ಇರುವ ಜಾಗ. ಸೈಟ್ ಯಾವ ಐಪಿಯಲ್ಲಿದೆ ಅಂತ ಎ ರೆಕಾರ್ಡ್ ಹೇಳುತ್ತದೆ. ಮೇಲ್ ಯಾರ ಸರ್ವರ್‌ಗೆ ಹೋಗಬೇಕು ಅಂತ ಎಂಎಕ್ಸ್ ಹೇಳುತ್ತದೆ. ನೇಮ್‌ಸರ್ವರ್ ಬದಲಾಯಿಸಿದಾಗ ಈ ರೆಕಾರ್ಡ್‌ಗಳು ತಾವಾಗಿ ಹೊಸ ಜಾಗಕ್ಕೆ ಬರುವುದಿಲ್ಲ. ಎಲ್ಲರೂ ಹಳೆಯ ಪಟ್ಟಿ ಬಿಟ್ಟು ಹೊಸ ಪಟ್ಟಿ ನೋಡತೊಡಗುತ್ತಾರೆ, ಅಷ್ಟೇ. ಅಲ್ಲಿ ಏನಿಲ್ಲವೋ ಅದು ನಿಂತುಹೋಗುತ್ತದೆ.

ಹೊಸ ಹೋಸ್ಟಿಂಗ್‌ನ ಪ್ಯಾನೆಲ್ ಸಾಮಾನ್ಯವಾಗಿ ತನ್ನದೇ ಸರ್ವರ್‌ನ ಎ ಮತ್ತು ಎಂಎಕ್ಸ್ ತುಂಬಿಸಿ ಇಟ್ಟಿರುತ್ತದೆ. ತೊಂದರೆ ಶುರುವಾಗುವುದು ಇಲ್ಲೇ. ಮೇಲ್ ಸರ್ವರ್ ಸಿಗದೇ ಹೋದರೆ ಕಳಿಸಿದವರ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4-5 ದಿನ ಪ್ರಯತ್ನ ಬಿಡಬಾರದು ಅಂತ ಮೇಲ್‌ನ ನಿಯಮವೇ ಹೇಳುತ್ತದೆ. ಆದರೆ ಸರ್ವರ್ ಸಿಕ್ಕಿ, "ಈ ಹೆಸರಿನ ಮೇಲ್‌ಬಾಕ್ಸ್ ನನ್ನಲ್ಲಿಲ್ಲ" ಅಂತ ಹೇಳಿಬಿಟ್ಟರೆ ಮೇಲ್ ಆಗಲೇ ವಾಪಸ್. ಹಾಗಾಗಿ ತಪ್ಪು ಎಂಎಕ್ಸ್ ಇರುವುದಕ್ಕಿಂತ ಎರಡು ದಿನ ತಡವಾಗಿ ಮೇಲ್ ಬರುವುದೇ ವಾಸಿ.

ನನ್ನ ಸಲಹೆ ಇದು: ನೇಮ್‌ಸರ್ವರ್ ಮತ್ತು ಸೈಟ್, ಎರಡನ್ನೂ ಒಂದೇ ಸಲ ಬದಲಾಯಿಸಬೇಡಿ.

ಮೊದಲು ಹಳೆಯ ಪಟ್ಟಿಯನ್ನು ಇದ್ದ ಹಾಗೇ ಹೊಸ ನೇಮ್‌ಸರ್ವರ್‌ಗೆ ನಕಲು ಮಾಡಿ. ಎ ರೆಕಾರ್ಡ್ ಕೂಡ ಹಳೆಯ ಸರ್ವರ್‌ನ ಐಪಿಯೇ ಇರಲಿ, ಪ್ಯಾನೆಲ್ ತುಂಬಿಸಿದ್ದನ್ನು ತಿದ್ದಿ. ಆಮೇಲೆ ರಿಜಿಸ್ಟ್ರಾರ್ ಹತ್ತಿರ, ಅಂದರೆ ಡೊಮೇನ್ ತಗೊಂಡ ಕಡೆ, ನೇಮ್‌ಸರ್ವರ್ ಬದಲಾಯಿಸಿ. ಈಗ ಯಾರಾದರೂ ಹಳೆಯದನ್ನು ಕೇಳಿದರೂ ಹೊಸದನ್ನು ಕೇಳಿದರೂ ಒಂದೇ ಉತ್ತರ. ಬದಲಾವಣೆ ಆಗಿದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಮೂರು ದಿನ ಕಳೆದ ಮೇಲೆ ಎ ರೆಕಾರ್ಡ್ ಒಂದನ್ನೇ ಹೊಸ ಸರ್ವರ್‌ಗೆ ತಿರುಗಿಸಿ. ಅದರ ಟಿಟಿಎಲ್ (ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವ ಅವಧಿ) ಮೊದಲೇ 300 ಸೆಕೆಂಡ್ ಇಟ್ಟಿದ್ದರೆ ಐದು-ಹತ್ತು ನಿಮಿಷದಲ್ಲಿ ಬಹುತೇಕ ಎಲ್ಲರೂ ಹೊಸ ಸೈಟಿಗೆ ಬಂದಿರುತ್ತಾರೆ. ಏನಾದರೂ ಎಡವಟ್ಟಾದರೆ ಅಷ್ಟೇ ಬೇಗ ಹಿಂದಕ್ಕೂ ತಿರುಗಿಸಬಹುದು.

ನೇಮ್‌ಸರ್ವರ್ ಬದಲಾವಣೆಗೆ ಆ ಸೌಕರ್ಯ ಇಲ್ಲ. ಡಾಟ್ ಕಾಮ್ ರಿಜಿಸ್ಟ್ರಿಯಲ್ಲಿ (ಎಲ್ಲ ಡಾಟ್ ಕಾಮ್ ಹೆಸರುಗಳ ಕೇಂದ್ರ ದಾಖಲೆ) ಅದರ ಟಿಟಿಎಲ್ 172800 ಸೆಕೆಂಡ್, ಅಂದರೆ ಸರಿಯಾಗಿ 48 ಗಂಟೆ. ಅದನ್ನು ನೀವಾಗಲಿ ನಾನಾಗಲಿ ಕಡಿಮೆ ಮಾಡೋಕೆ ಆಗಲ್ಲ. ಬಹಳ ಜನರಿಗೆ ಅದಕ್ಕಿಂತ ಬೇಗ ಬದಲಾಗುತ್ತದೆ, ನಿಜ. ಆದರೆ ಅದನ್ನು ನಂಬಿಕೊಂಡು ಕೆಲಸ ಮಾಡಬಾರದು.

ತಿಂಗಳ ಕೊನೆಯವರೆಗೆ ಕಾಯದೆ ಈ ವಾರವೇ ಶುರು ಮಾಡಿ. ಬದಲಾಯಿಸಿದ ಮೇಲೂ ಕೆಲವರು ಹಳೆಯ ನೇಮ್‌ಸರ್ವರನ್ನೇ ಕೇಳುತ್ತಿರುತ್ತಾರೆ, ಅದು ಉತ್ತರ ಕೊಡುತ್ತಲೇ ಇರಬೇಕು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ನಕಲು ಮಾಡುವುದು ಹೇಗೆ? ಹೊಸ ಪ್ಯಾನೆಲ್‌ನಲ್ಲಿ "ರೆಕಾರ್ಡ್‌ಗಳನ್ನು ತಾನಾಗಿ ಹುಡುಕು" ಅನ್ನೋ ಬಟನ್ ಇದೆ. ಅದು ಸಾಕಲ್ವಾ?

ಉತ್ತರ: ಸಾಕಾಗಲ್ಲ. ಡಿಎನ್‌ಎಸ್‌ನಲ್ಲಿ, ಅಂದರೆ ಈ ರೆಕಾರ್ಡ್‌ಗಳ ವ್ಯವಸ್ಥೆಯಲ್ಲಿ, ಹೊರಗಿನಿಂದ "ನಿನ್ನ ಹತ್ತಿರ ಇರುವುದನ್ನೆಲ್ಲ ಕೊಡು" ಅಂತ ಕೇಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಆ ಬಟನ್ ತನಗೆ ಗೊತ್ತಿರುವ ಹೆಸರುಗಳನ್ನು ಒಂದೊಂದಾಗಿ ಕೇಳಿ ನೋಡುತ್ತದೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ, ಮೇಲ್, ಎಫ್‌ಟಿಪಿ ಇವೆಲ್ಲ ಸಿಗುತ್ತವೆ. ಡಿಕಿಮ್ ರೆಕಾರ್ಡ್ (ನೀವು ಕಳಿಸುವ ಮೇಲ್‌ನ ಸಹಿ ಪರೀಕ್ಷಿಸುವ ಕೀ) ಕೈತಪ್ಪುವುದು ಜಾಸ್ತಿ. ಅದರ ಹೆಸರಿನ ಶುರುವಿನಲ್ಲಿ ಒಂದು ಸೆಲೆಕ್ಟರ್ ಇರುತ್ತದೆ, ಅದನ್ನು ಒಂದೊಂದು ಮೇಲ್ ಕಂಪನಿ ಒಂದೊಂದು ಥರ ಇಡುತ್ತದೆ. ಊಹಿಸಿ ಹುಡುಕೋಕೆ ಆಗಲ್ಲ. ಅದು ಬಿಟ್ಟುಹೋದರೆ ಒಳಬರುವ ಮೇಲ್‌ಗೆ ಏನೂ ಆಗದು, ನೀವು ಕಳಿಸಿದ್ದು ಮಾತ್ರ ಸ್ಪ್ಯಾಮ್‌ಗೆ ಬೀಳತೊಡಗುತ್ತದೆ. ವಾರಗಟ್ಟಲೆ ಕಾರಣವೇ ಗೊತ್ತಾಗದೆ ಒದ್ದಾಡುವ ಕೇಸ್ ಇದು.

ಹಳೆಯ ಹೋಸ್ಟಿಂಗ್‌ನ ಡಿಎನ್‌ಎಸ್ ಜೋನ್ (ರೆಕಾರ್ಡ್ ಪಟ್ಟಿ) ಪುಟ ತೆರೆಯಿರಿ. ಎಕ್ಸ್‌ಪೋರ್ಟ್ ಇದ್ದರೆ ಜೋನ್ ಫೈಲ್ ಇಳಿಸಿಕೊಳ್ಳಿ, ಇಲ್ಲದಿದ್ದರೆ ಪೂರ್ತಿ ಪುಟದ ಸ್ಕ್ರೀನ್‌ಶಾಟ್ ತೆಗೆದು ಸಾಲು ಸಾಲಾಗಿ ನೋಡಿ ಹಾಕಿ. ಎ, ಸಿನೇಮ್ (ಒಂದು ಹೆಸರನ್ನು ಇನ್ನೊಂದಕ್ಕೆ ತೋರಿಸುವುದು), ಎಂಎಕ್ಸ್, ಎಲ್ಲ ಟಿಎಕ್ಸ್‌ಟಿ (ಪಠ್ಯ) ಸಾಲುಗಳು, ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ), ಡಿಮಾರ್ಕ್ (ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅನ್ನುವ ಸೂಚನೆ), ಎಲ್ಲವೂ ಬರಬೇಕು. ಹಳೆಯ ಎನ್‌ಎಸ್ (ನೇಮ್‌ಸರ್ವರ್ ಹೆಸರು) ಮತ್ತು ಎಸ್‌ಒಎ (ಜೋನ್‌ನ ಮೂಲ ವಿವರ) ಸಾಲುಗಳನ್ನು ಮಾತ್ರ ಬಿಡಿ, ಅವು ಹೊಸ ಕಡೆ ಬೇರೆಯೇ ಇರುತ್ತವೆ.

ಕೈಯಿಂದ ಹಾಕುವಾಗ ಒಂದು ಕಡೆ ಗಮನ ಇರಲಿ. ಕೆಲವು ಪ್ಯಾನೆಲ್‌ಗಳು ಹೆಸರಿನ ಕೊನೆಗೆ ಡೊಮೇನನ್ನು ತಾವೇ ಸೇರಿಸುತ್ತವೆ. ನೀವೂ ಪೂರ್ತಿ ಹೆಸರು ಬರೆದರೆ ಡೊಮೇನ್ ಎರಡೆರಡು ಸಲ ಬಂದು ರೆಕಾರ್ಡ್ ಕೆಲಸಕ್ಕೆ ಬಾರದು. ಸೇವ್ ಮಾಡಿದ ಮೇಲೆ ಪಟ್ಟಿಯಲ್ಲಿ ಹೇಗೆ ಕಾಣುತ್ತಿದೆ ಅಂತ ನೋಡಿ.

ರಿಜಿಸ್ಟ್ರಾರ್ ಹತ್ತಿರ ಹೋಗುವ ಮುಂಚೆ ಹೊಸ ನೇಮ್‌ಸರ್ವರನ್ನು ನೇರವಾಗಿ ಕೇಳಿ ನೋಡಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಲುಕಪ್ (nslookup) ಅಂತ ಟೈಪ್ ಮಾಡಿ, ಜಾಗ ಬಿಟ್ಟು ನಿಮ್ಮ ಡೊಮೇನ್, ಮತ್ತೆ ಜಾಗ ಬಿಟ್ಟು ಹೊಸ ನೇಮ್‌ಸರ್ವರ್ ಹೆಸರು. ಎಂಎಕ್ಸ್ ಮತ್ತು ಟಿಎಕ್ಸ್‌ಟಿಗೆ nslookup ಆದಮೇಲೆ -type=mx ಅಥವಾ -type=txt ಸೇರಿಸಿ ಹೀಗೇ ಕೇಳಿ. ಹಳೆಯದು ಕೊಡುವ ಉತ್ತರಕ್ಕೆ ತಾಳೆ ಆದರೆ ಮಾತ್ರ ಮುಂದುವರಿಯಿರಿ.

ಹೊಸ ಹೋಸ್ಟಿಂಗ್‌ನಲ್ಲಿ ಸಿಪ್ಯಾನೆಲ್ ಅನ್ನುವ ಪ್ಯಾನೆಲ್ ಇದ್ದರೆ ಇನ್ನೊಂದು ಮಾತು. ಅಲ್ಲಿ ಇಮೇಲ್ ರೂಟಿಂಗ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ರಿಮೋಟ್ ಮೇಲ್ ಎಕ್ಸ್‌ಚೇಂಜರ್‌ಗೆ ಹಾಕಿ. ಲೋಕಲ್ ಅಂತ ಇದ್ದರೆ ಸೈಟಿನ ಸಂಪರ್ಕ ಫಾರಂನಿಂದ ನಿಮ್ಮ ಆಫೀಸಿಗೆ ಹೊರಟ ಮೇಲ್ ಆ ಸರ್ವರ್ ದಾಟಿ ಹೊರಗೇ ಬರುವುದಿಲ್ಲ, ಎಂಎಕ್ಸ್ ಎಷ್ಟೇ ಸರಿ ಇದ್ದರೂ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ಇಲ್ಲೇ ಕೇಳುತ್ತಿದ್ದೇನೆ. ನಾನು ನಿನ್ನೆ ನೇಮ್‌ಸರ್ವರ್ ಬದಲಾಯಿಸಿದೆ. ರೆಕಾರ್ಡ್‌ಗಳೆಲ್ಲ ಸರಿಯಾಗಿವೆ. ಆದರೆ ಕೆಲವರಿಗೆ ಸೈಟ್ ತೆರೆಯುತ್ತದೆ, ಕೆಲವರಿಗೆ ಇಲ್ಲವೇ ಇಲ್ಲ. ಗೂಗಲ್‌ನ 8.8.8.8 ಮೂಲಕ ಕೇಳಿದರೆ ಸರ್ವ್‌ಫೇಲ್ (ಉತ್ತರ ಕೊಡಲಾಗಲಿಲ್ಲ) ಅಂತ ಬರುತ್ತದೆ. ಸುಮ್ನೆ ಕಾದರೆ ಸರಿಹೋಗುತ್ತಾ?

ಉತ್ತರ: ಕಾಯಬೇಡಿ. ನೀವು ಹೇಳಿದ್ದು ನೋಡಿದರೆ ಕಾರಣ ಡಿಎನ್‌ಎಸ್‌ಸೆಕ್, ಅಂದರೆ ರೆಕಾರ್ಡ್‌ಗಳು ಅಸಲಿ ಅಂತ ಸಹಿಯಿಂದ ಪರೀಕ್ಷಿಸುವ ವ್ಯವಸ್ಥೆ, ಇರಬೇಕು. ಹಳೆಯ ನೇಮ್‌ಸರ್ವರ್‌ನಲ್ಲಿ ರೆಕಾರ್ಡ್‌ಗಳಿಗೆ ಸಹಿ ಆಗುತ್ತಿತ್ತು, ಆ ಸಹಿಯ ಗುರುತು ಡಿಎಸ್ ರೆಕಾರ್ಡ್ ಆಗಿ ರಿಜಿಸ್ಟ್ರಾರ್ ಹತ್ತಿರ ಇನ್ನೂ ಕೂತಿದೆ. ಹೊಸ ನೇಮ್‌ಸರ್ವರ್ ಉತ್ತರದಲ್ಲಿ ಆ ಸಹಿ ಇಲ್ಲ. ಸಹಿ ಪರೀಕ್ಷಿಸುವ 8.8.8.8, 1.1.1.1 ಥರದ ರಿಸಾಲ್ವರ್‌ಗಳು (ನಮ್ಮ ಪರವಾಗಿ ರೆಕಾರ್ಡ್ ಹುಡುಕಿಕೊಡುವ ಸರ್ವರ್‌ಗಳು) "ಇದು ನಕಲಿ" ಅಂತ ತಿರಸ್ಕರಿಸುತ್ತವೆ. ಪರೀಕ್ಷಿಸದ ರಿಸಾಲ್ವರ್ ಬಳಸುವವರಿಗೆ ಸೈಟ್ ತೆರೆಯುತ್ತದೆ.

ಹಳೆಯ ಜೋನ್ ಇನ್ನೂ ಜೀವಂತ ಇದ್ದರೆ ಹಳೆಯ ನೇಮ್‌ಸರ್ವರನ್ನೇ ವಾಪಸ್ ಹಾಕಿ. ಆಮೇಲೆ ರಿಜಿಸ್ಟ್ರಾರ್ ಪ್ಯಾನೆಲ್‌ನಲ್ಲಿ ಡಿಎಸ್ ತೆಗೆಯಿರಿ. ಡಾಟ್ ಕಾಮ್‌ನಲ್ಲಿ ಡಿಎಸ್‌ನ ಟಿಟಿಎಲ್ 86400 ಸೆಕೆಂಡ್, ಹಾಗಾಗಿ ಒಂದು ದಿನ ಪೂರ್ತಿ ಬಿಟ್ಟು ಮತ್ತೆ ಬದಲಾಯಿಸಿ. ಹಳೆಯದು ಮುಚ್ಚಿಹೋಗಿದ್ದರೆ ಈಗಲೇ ಡಿಎಸ್ ತೆಗೆಯುವುದೊಂದೇ ದಾರಿ. ಹೊಸ ಕಡೆ ಡಿಎನ್‌ಎಸ್‌ಸೆಕ್ ಬೇಕಿದ್ದರೆ ಎಲ್ಲ ನೆಲೆಗೊಂಡ ಮೇಲೆ ಹೊಸ ಡಿಎಸ್ ಹಾಕಿಕೊಳ್ಳಿ.

ಪ್ರಶ್ನೆ (ಮೊದಲು ಕೇಳಿದವರು): ನೋಡಿದೆ ಸರ್, ನಮ್ಮಲ್ಲಿ ಡಿಎಸ್ ಇಲ್ಲ. ಕೊನೆಯದಾಗಿ, ಹಳೆಯ ಖಾತೆ ಯಾವಾಗ ಮುಚ್ಚಬಹುದು?

ಉತ್ತರ: ಎ ರೆಕಾರ್ಡ್ ತಿರುಗಿಸಿದ ಮೇಲೆ ಒಂದು ವಾರ ಇರಲಿ. ಹಳೆಯ ಸರ್ವರ್‌ನ ಆಕ್ಸೆಸ್ ಲಾಗ್ ನೋಡುತ್ತಿರಿ. ಬಾಟ್‌ಗಳು ಬಿಟ್ಟು ಬೇರೆ ಯಾರೂ ಬರುತ್ತಿಲ್ಲ ಅಂದರೆ ಬ್ಯಾಕಪ್ ತೆಗೆದು ಮುಚ್ಚಿ. ಅದಕ್ಕೂ ಮುಂಚೆ ಹೊಸ ಪಟ್ಟಿಯಲ್ಲಿ ಹಳೆಯ ಐಪಿಯನ್ನು ಹುಡುಕಿ. ಯಾವುದೋ ಮರೆತ ಸಬ್‌ಡೊಮೇನ್ ಅಲ್ಲಿಗೇ ತೋರಿಸುತ್ತಿರಬಹುದು, ಎಸ್‌ಪಿಎಫ್ ಸಾಲಿನಲ್ಲೂ ಇರಬಹುದು. ಅವನ್ನು ತೆಗೆಯಿರಿ. ನಾಳೆ ಆ ಐಪಿ ಬೇರೆ ಗ್ರಾಹಕರ ಕೈ ಸೇರಬಹುದು. ಎಸ್‌ಪಿಎಫ್‌ನಲ್ಲಿ ಅದು ಉಳಿದಿದ್ದರೆ ಅವರು ನಿಮ್ಮ ಹೆಸರಲ್ಲಿ ಕಳಿಸಿದ ಮೇಲ್ ಕೂಡ ಪಾಸಾಗುತ್ತದೆ.